ಗ್ರಿಲ್ ಕೈತೋಟಕ್ಕೆ ಟೊಮೆಟೊ ಬೇಡ, ಬಸಳೆ ನೆಡಿ

ಮುಂಬಯಿಯ ಫ್ಲ್ಯಾಟಿನ ಕಿಟಕಿ ಗ್ರಿಲ್‌ನಲ್ಲಿ ಕೈತೋಟ ಶುರುಮಾಡುವವರು ಮೊದಲು ತರುವುದು ಟೊಮೆಟೊ ಸಸಿ, ಮೊದಲು ಕೈಚೆಲ್ಲುವುದೂ ಅದರಿಂದಲೇ. ಕಾಯಿ ಬಿಡುವ ಗಿಡಕ್ಕೆ ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು. ಎದುರಿಗೇ ಇನ್ನೊಂದು ಬಿಲ್ಡಿಂಗ್ ನಿಂತಿರುವ ಕಿಟಕಿಗೆ ಮೂರು ಗಂಟೆ ಸಿಕ್ಕರೆ ಅದೃಷ್ಟ. ಅಷ್ಟು ಬಿಸಿಲಿಗೆ ಬರುವುದು ಸೊಪ್ಪು. ಬಸಳೆ, ದೊಡ್ಡಪತ್ರೆ, ಒಂದೆಲಗ, ಅರಶಿನ: ಊರಿನ ಹಿತ್ತಲಲ್ಲಿ ತಾವಾಗಿಯೇ ಹಬ್ಬುವ ಇವೇ ಇಲ್ಲಿಗೂ ಸರಿ.

ಬಿಸಿಲನ್ನು ಚಳಿಗಾಲದಲ್ಲಿ ನೋಡಿ ಲೆಕ್ಕ ಹಾಕಬೇಡಿ. ಮುಂಬಯಿ ಇರುವುದು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ; ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಡಿಸೆಂಬರಿನಲ್ಲಿ ಹಾಲ್‌ನ ಒಳಗೆಲ್ಲ ಬಿಸಿಲು ಚೆಲ್ಲುವ ದಕ್ಷಿಣದ ಕಿಟಕಿಗೆ ಜೂನ್‌ನಲ್ಲಿ ನೇರ ಬಿಸಿಲು ಸಿಗುವುದೇ ಅಪರೂಪ, ಮೇಲೆ ಮೋಡ ಬೇರೆ.

ಬಸಳೆಗೆ ಬೀಜ ಹುಡುಕುತ್ತಾ ಕೂರಬೇಕಾಗಿಲ್ಲ. ಮತ್ಸ್ಯಗಂಧ ರೈಲಿನಲ್ಲಿ ಊರಿಂದ ಬರುವ ಯಾರಿಗಾದರೂ ಹೇಳಿ, ಒದ್ದೆ ಪೇಪರಿನಲ್ಲಿ ಸುತ್ತಿದ ನಾಲ್ಕು ದಂಟು ಸಾಕು. ಪೆನ್ಸಿಲ್ ದಪ್ಪದ, ಒಂದು ಗೇಣುದ್ದದ ದಂಟನ್ನು ಆರಿಸಿ, ಕೆಳಗಿನ ಎಲೆ ಕಿತ್ತು, ಎರಡು ಗಿಣ್ಣು ಮಣ್ಣೊಳಗೆ ಹೋಗುವಂತೆ ಊರಿ. ಎರಡು ವಾರದಲ್ಲಿ ಬೇರು ಬರುತ್ತದೆ. ಬಳ್ಳಿ ಒಂದಡಿ ಆದಾಗ ತುದಿ ಚಿವುಟಿ. ಚಿವುಟದಿದ್ದರೆ ಒಂದೇ ಬಳ್ಳಿ ಮೇಲಿನ ಮಹಡಿಗೆ ಹೋಗುತ್ತದೆ, ಸೊಪ್ಪೆಲ್ಲ ಅವರಿಗೆ. ಎಲೆಯ ಮೇಲೆ ನೇರಳೆ ಅಂಚಿನ ಚುಕ್ಕೆ ಕಂಡರೆ ಅದು ಶಿಲೀಂಧ್ರ. ಸಂಜೆ ಎಲೆ ಮೇಲೆ ನೀರು ಸುರಿಯುವುದು, ಬಳ್ಳಿ ಒತ್ತೊತ್ತಾಗಿ ಬಿಡುವುದು ಅದಕ್ಕೆ ಕಾರಣ. ಚುಕ್ಕೆ ಬಿದ್ದ ಎಲೆ ಕಿತ್ತು ಕಚರಾಕ್ಕೆ ಹಾಕಿ, ಗೊಬ್ಬರದ ಬಕೆಟ್ಟಿಗೆ ಬೇಡ.

ನರ್ಸರಿಯ ಕೆಂಪು ಮಣ್ಣನ್ನೇ ತುಂಬಿದರೆ ಮಳೆಗೆ ಗಟ್ಟಿಯಾಗಿ ಕೂರುತ್ತದೆ, ಬೇರಿಗೆ ಉಸಿರಾಡಲು ಜಾಗವಿರುವುದಿಲ್ಲ. ಎರಡು ಪಾಲು ಮಣ್ಣು, ಒಂದು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಗೊಬ್ಬರ, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ. ಕೊಕೊಪೀಟನ್ನು ಎರಡು ಸಲ ತೊಳೆದೇ ಬಳಸಿ. ಅಗ್ಗದ ಕೊಕೊಪೀಟ್ ಇಟ್ಟಿಗೆಯಲ್ಲಿ ಉಪ್ಪು ಉಳಿದಿರುತ್ತದೆ, ಎಲೆಯಂಚು ಸುಟ್ಟಂತಾಗುತ್ತದೆ. ಬೆರೆಸುವಾಗ ಉಬ್ಬಸ ಇರುವವರು ಮಾಸ್ಕ್ ಹಾಕಿಕೊಳ್ಳಲಿ. 12 ಇಂಚಿನ ಕುಂಡಕ್ಕೆ ಬರೀ ಮಣ್ಣು ತುಂಬಿ ನೆನೆಸಿದರೆ 20 ಕಿಲೋ ದಾಟುತ್ತದೆ, ಕಡಲ ಗಾಳಿಗೆ ಗ್ರಿಲ್‌ನ ಬೋಲ್ಟ್ ತುಕ್ಕು ಹಿಡಿದಿರುತ್ತದೆ. ಭಾರದ ಕುಂಡ ಒಳಗೆ ನೆಲದ ಮೇಲಿರಲಿ. ಜುಲೈಯಲ್ಲಿ ಎಲೆ ಹಳದಿಯಾದರೆ ಇನ್ನಷ್ಟು ನೀರು ಹಾಕಬೇಡಿ. ಮಳೆಗೆ ಸಾರ ಕೊಚ್ಚಿಹೋಗಿದೆ, ಇಲ್ಲವೇ ತಳದ ತೂತು ಕಟ್ಟಿದೆ. ತೂತು ಬಿಡಿಸಿ, ಹದಿನೈದು ದಿನಕ್ಕೊಂದು ಹಿಡಿ ಗೊಬ್ಬರ ಕೊಡಿ.

ಕುಂಡದ ಕೆಳಗಿನ ತಟ್ಟೆ ಮಾತ್ರ ನಿಜವಾದ ತಲೆನೋವು. ಇಡದಿದ್ದರೆ ಕೆಳಗಿನ ಮನೆಯವರ ಒಣಹಾಕಿದ ಬಟ್ಟೆಗೆ ಕೆಂಪು ನೀರು, ಸೊಸೈಟಿ ಮೀಟಿಂಗಿನಲ್ಲಿ ಜಗಳ. ಇಟ್ಟರೆ ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಎಂಟು–ಹತ್ತು ದಿನ ಬೇಕು, ಆದ್ದರಿಂದ ವಾರಕ್ಕೊಮ್ಮೆಯಾದರೂ ತಟ್ಟೆ ಚೆಲ್ಲಿ, ಒಳಗೋಡೆಯನ್ನು ಬ್ರಷ್‌ನಿಂದ ಉಜ್ಜಿ. ಮೊಟ್ಟೆ ಅಂಟಿರುವುದು ಅಲ್ಲೇ, ಒಣಗಿದರೂ ಸಾಯುವುದಿಲ್ಲ. ನೀರಿನ ಬಾಟಲಿಯಲ್ಲಿ ಮನಿಪ್ಲಾಂಟ್ ಇಟ್ಟವರಿಗೂ ಇದೇ ಮಾತು.

ಇಷ್ಟು ಮಾಡಿ ಸಿಗುವ ಸೊಪ್ಪು ಎಷ್ಟು? ಎರಡು ಕುಂಡದ ಬಸಳೆ ವಾರಕ್ಕೊಮ್ಮೆ ಹುಳಿಗಾದೀತು. ತರಕಾರಿ ಖರ್ಚು ಉಳಿಯುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಕಿತ್ತ ಸೊಪ್ಪಿನಲ್ಲಿ ಸಿ ಜೀವಸತ್ವ ದಿನದಿನಕ್ಕೂ ಇಳಿಯುತ್ತದೆ, ಕಿತ್ತ ಕೂಡಲೇ ಒಲೆಗೇರಿಸುವುದರ ಲಾಭ ಅಲ್ಲಿದೆ. ಅದಕ್ಕಿಂತ ದೊಡ್ಡದು, ಊರಿಂದ ಬಂದು ಟಿವಿ ಮುಂದೆ ಕೂತುಬಿಡುವ ಅಮ್ಮ, ಅತ್ತೆಯವರಿಗೆ ಬೆಳಿಗ್ಗೆ ಬಗ್ಗಿ ಏಳುವ, ಬೆರಳಾಡಿಸುವ ಒಂದು ಕೆಲಸ. ಕಿಡ್ನಿ ಕಲ್ಲು ಇರುವವರು ಬಸಳೆ ಮಿತಿಯಲ್ಲಿ ತಿನ್ನಲಿ, ಅದರಲ್ಲಿ ಆಕ್ಸಲೇಟ್ ಹೆಚ್ಚು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪಿನ ಪ್ರಮಾಣವನ್ನು ಒಮ್ಮೆಲೇ ಹೆಚ್ಚಿಸುವ ಮೊದಲು ಡಾಕ್ಟರನ್ನು ಕೇಳಬೇಕು.

ನೆರೆಹೊರೆಯ ಮಟ್ಟಿಗೆ ಅರಶಿನಕ್ಕೆ ಸಾಟಿಯಿಲ್ಲ. ಮೇ ತಿಂಗಳಲ್ಲಿ ಮೊಳಕೆ ಕಣ್ಣಿರುವ ಹಸಿ ಕೊಂಬನ್ನು ಎರಡು ಇಂಚು ಆಳಕ್ಕೆ ಹೂಳಿ. ಅರೆ ನೆರಳು ಸಾಕು. ನಾಗರಪಂಚಮಿಯ ಕಡುಬಿಗೆ ಎಲೆ ಬರುತ್ತದೆ, ಒಂದು ಗಿಡದಿಂದ ಎರಡಕ್ಕಿಂತ ಹೆಚ್ಚು ಕೀಳಬೇಡಿ. ಚೌತಿಗೆ ಕೊಂಕಣ ಕಡೆಯ ಮರಾಠಿ ಮನೆಗಳಲ್ಲೂ ಮೋದಕ ಬೇಯಿಸಲು ಇದೇ ಎಲೆ ಬೇಕು. ಮರಾಠಿ ಬಾರದ ಅತ್ತೆ ಎಲೆ ಹಿಡಿದು ಎದುರುಮನೆಯ ಬೆಲ್ ಒತ್ತಿದರೆ, ಮಾತು ಅರ್ಧ ಕೈಸನ್ನೆಯಲ್ಲಾದರೂ ನಡೆದೇ ನಡೆಯುತ್ತದೆ. ಬಸಳೆಗೆ ಅವರು ಮಾಯಾಳು ಎನ್ನುತ್ತಾರೆ, ಎಲೆಗೆ ಕಡಲೆಹಿಟ್ಟು ಹಚ್ಚಿ ಭಜಿ ಕರಿಯುತ್ತಾರೆ.

ನೆರೆಯವರಿಗೆ ಬಸಳೆ ದಂಟು ಕೊಡುವ ಮುಂಚೆ ಎಲೆಯ ಹಿಂಬದಿ, ಗಿಣ್ಣುಗಳ ಸಂದು ನೋಡಿ. ಬಿಳಿ ಹತ್ತಿಯಂತೆ ಕಂಡರೆ ಹಿಟ್ಟು ತಿಗಣೆ. ದಂಟಿನ ಜೊತೆ ಅದೂ ಮನೆ ಬದಲಿಸುತ್ತದೆ. ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, 2 ಎಂಎಲ್ ಪಾತ್ರೆ ತೊಳೆಯುವ ಲಿಕ್ವಿಡ್ ಕಲಕಿ ಸಂಜೆ ಸಿಂಪಡಿಸಿ, ವಾರ ಬಿಟ್ಟು ಇನ್ನೊಮ್ಮೆ. ಸಿಂಪಡಿಸಿ ಒಂದು ವಾರದವರೆಗೆ ಸೊಪ್ಪು ಕೊಯ್ಯಬೇಡಿ.