ಹಿತುಕಿದ ಬೇಳೆ ಮತ್ತು ನಾವಿಬ್ಬರು

ನಿನ್ನೆ ನಮ್ಮ ಮನೆಯವರು ಎರಡು ಕೆಜಿ ಸೊಗಡು ಅವರೆಕಾಯಿ ತಂದಿದ್ದರು. ಸುಲಿದು ರಾತ್ರಿ ನೆನೆಹಾಕಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಇವರು ಆಗಲೇ ನೆಲದ ಮೇಲೆ ಕೂತು ಹಿತುಕುತ್ತಿದ್ದಾರೆ! ಒಂದು ಕಾಳು ಪುಸಕ್ಕಂತ ಚಿಮ್ಮಿ ಫ್ರಿಜ್ ಕೆಳಗೆ ಹೋಯಿತು. ನಾನು ನೋಡಲಿಲ್ಲ ಅಂದುಕೊಂಡು ಸುಮ್ಮನಾದರು.

ಮದುವೆಯಾದ ಹೊಸದರಲ್ಲಿ ಇದೇ ಮನುಷ್ಯ ಪೇಪರ್ ಹಿಡಿದು ಕೂತು, "ಸಾರು ಇನ್ನೂ ಆಗಿಲ್ವಾ?" ಅನ್ನುತ್ತಿದ್ದರು. ನಾನೂ ಕಡಿಮೆ ಇರಲಿಲ್ಲ ಬಿಡಿ, ಎರಡೆರಡು ದಿನ ಮಾತು ಬಿಡುತ್ತಿದ್ದೆ. ಆಗ ಪ್ರೀತಿ ಇರಲಿಲ್ಲ ಅಂತಲ್ಲ, ಜಾಸ್ತೀನೇ ಇತ್ತು. ಆದರೆ ಈಗ ನೆಂಟರು ಫೋನ್ ಮಾಡಿ ಕರೆದರೆ, "ಒಂದ್ನಿಮಿಷ, ಇವಳನ್ನ ಕೇಳಿ ಹೇಳ್ತೀನಿ" ಅನ್ನುತ್ತಾರೆ. ಆ ಒಂದು ಮಾತಿಗೆ 22 ವರ್ಷ ಹಿಡಿಯಿತು.

ಸಪ್ತಪದಿಯಲ್ಲಿ ಮೊದಲ ಹೆಜ್ಜೆ ಅನ್ನಕ್ಕೆ, ಏಳನೆಯದು ಸ್ನೇಹಕ್ಕೆ. ಅವತ್ತು ಹೋಮದ ಹೊಗೆಗೆ ಕಣ್ಣುರಿ. ಪುರೋಹಿತರು ಹೇಳಿದ್ದು ಒಂದೂ ತಲೆಗೆ ಹೋಗಿರಲಿಲ್ಲ.

ಸರಿ, ಸಾರಿಗೆ ಒಗ್ಗರಣೆ ಹಾಕಬೇಕು. ಇವರ ಬೆರಳೆಲ್ಲ ಸೊಗಡು ಘಮ್ಮೆನ್ನುತ್ತಿದೆ. ಫ್ರಿಜ್ ಕೆಳಗಿನ ಕಾಳನ್ನು ಆಮೇಲೆ ನಾನೇ ಗುಡಿಸುತ್ತೇನೆ, ಇವರಿಗೆ ಹೇಳುವುದಿಲ್ಲ.