ಏನೂ ತಿನ್ನದಿದ್ದರೂ ಸಕ್ಕರೆ ಏರುವುದೇಕೆ?

ಮಧುಮೇಹವಿರುವವರು ನನ್ನನ್ನು ಮತ್ತೆ ಮತ್ತೆ ಕೇಳುವುದು ಇದನ್ನೇ: "ರಾತ್ರಿ ಊಟದ ನಂತರ ಏನನ್ನೂ ಮುಟ್ಟಿಲ್ಲ, ಆದರೂ ಮಲಗುವಾಗ ಇದ್ದದ್ದಕ್ಕಿಂತ ಬೆಳಿಗ್ಗೆ ಸಕ್ಕರೆ ಹೆಚ್ಚಿದೆ. ಅದು ಬಂದದ್ದಾದರೂ ಎಲ್ಲಿಂದ?"

ಬಂದದ್ದು ಯಕೃತ್ತಿನಿಂದ. ಆರೋಗ್ಯವಂತ ವಯಸ್ಕರ ಇಡೀ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಗ್ಲೂಕೋಸು ಸುಮಾರು 4ರಿಂದ 5 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು. ಮಿದುಳೊಂದೇ ಹೆಚ್ಚುಕಡಿಮೆ ಒಂದು ಗಂಟೆಯಲ್ಲಿ ಅಷ್ಟನ್ನು ಬಳಸಿಬಿಡುತ್ತದೆ. ಆದ್ದರಿಂದ ನಾವು ನಿದ್ರಿಸುವಾಗಲೂ ಯಕೃತ್ತು ತನ್ನಲ್ಲಿ ಗ್ಲೈಕೋಜೆನ್ ರೂಪದಲ್ಲಿ ಕೂಡಿಟ್ಟಿರುವ ದಾಸ್ತಾನನ್ನು ಕರಗಿಸಿ, ಜೊತೆಗೆ ಹೊಸ ಗ್ಲೂಕೋಸನ್ನೂ ತಯಾರಿಸಿ ರಕ್ತಕ್ಕೆ ಬಿಡುತ್ತಲೇ ಇರಬೇಕಾಗುತ್ತದೆ.

ಎಷ್ಟು ಬಿಡಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಮೇದೋಜ್ಜೀರಕ ಗ್ರಂಥಿಯೊಳಗೆ ಚದುರಿಕೊಂಡಿರುವ, ಲ್ಯಾಂಗರ್‌ಹ್ಯಾನ್ಸ್ ಕಿರುದ್ವೀಪಗಳೆಂಬ ಜೀವಕೋಶಗಳ ಗುಂಪುಗಳು. ಅಲ್ಲಿನ ಆಲ್ಫಾ ಕೋಶಗಳು ಸ್ರವಿಸುವ ಗ್ಲುಕಗಾನ್ ಯಕೃತ್ತಿಗೆ 'ಬಿಡು' ಎನ್ನುತ್ತದೆ, ಬೀಟಾ ಕೋಶಗಳ ಇನ್ಸುಲಿನ್ 'ಸಾಕು' ಎನ್ನುತ್ತದೆ, ಡೆಲ್ಟಾ ಕೋಶಗಳ ಸೊಮ್ಯಾಟೋಸ್ಟ್ಯಾಟಿನ್ ಇವೆರಡರ ಸ್ರಾವವನ್ನೂ ತಗ್ಗಿಸುತ್ತದೆ. ಊಟದ ನಂತರ ಸಕ್ಕರೆಯನ್ನು ಸ್ನಾಯುಗಳಿಗೂ ಕೊಬ್ಬಿನ ಅಂಗಾಂಶಕ್ಕೂ ಸೇರಿಸುವುದೇ ಇನ್ಸುಲಿನ್ನಿನ ಕೆಲಸವೆಂದು ಬಹಳ ಮಂದಿ ತಿಳಿದಿದ್ದಾರೆ. ಆದರೆ ಅದರ ಕೆಲಸ ಅಷ್ಟೇ ಅಲ್ಲ: ರಾತ್ರಿಯಿಡೀ ಸಣ್ಣ ಪ್ರಮಾಣದಲ್ಲಿ ಸ್ರವಿಸುತ್ತ ಅದು ಯಕೃತ್ತನ್ನು ಹಿಡಿತದಲ್ಲಿಡುತ್ತದೆ. ನೆರೆಯ ಆಲ್ಫಾ ಕೋಶಗಳನ್ನೂ ಸುಮ್ಮನಿರಿಸುತ್ತದೆ.

ಇನ್ಸುಲಿನ್ ಸಾಲದಾದಾಗ, ಅಥವಾ ಇದ್ದರೂ ಅದಕ್ಕೆ ಯಕೃತ್ತು ಸರಿಯಾಗಿ ಸ್ಪಂದಿಸದಿದ್ದಾಗ, ಈ ಹಿಡಿತ ಸಡಿಲುತ್ತದೆ. ಗ್ಲುಕಗಾನ್ ಇಳಿಯಬೇಕಾದಷ್ಟು ಇಳಿಯುವುದಿಲ್ಲ. ನಸುಕಿನಲ್ಲಿ ಏರುವ ಕಾರ್ಟಿಸಾಲ್ ಎಂಬ ಹಾರ್ಮೋನು ಸಹ ಯಕೃತ್ತನ್ನು ಅದೇ ದಿಕ್ಕಿಗೆ ತಳ್ಳುತ್ತದೆ. ರಕ್ತದಲ್ಲಿ ಸಕ್ಕರೆ ಸಾಕಷ್ಟಿದ್ದರೂ ಯಕೃತ್ತು ಕೊರತೆಯಿದೆಯೆಂಬಂತೆ ಇನ್ನಷ್ಟು ಸುರಿಯುತ್ತದೆ.

ಗ್ಲುಕಗಾನಿಗೆ ಸಲ್ಲಬೇಕಾದ ಗಮನ ಸಂದಿಲ್ಲವೆಂಬುದು ನನ್ನ ಹಳೆಯ ತಕರಾರು. ಟೊರಾಂಟೊದಲ್ಲಿ 1921ರಲ್ಲಿ ನಡೆದ ಇನ್ಸುಲಿನ್ ಶೋಧಕ್ಕೆ 1923ರಲ್ಲೇ ನೊಬೆಲ್ ಬಂತು. ಅದೇ ವರ್ಷ ಕಿಂಬಲ್ ಮತ್ತು ಮರ್ಲಿನ್ ಎಂಬ ವಿಜ್ಞಾನಿಗಳು ಮೇದೋಜ್ಜೀರಕ ಗ್ರಂಥಿಯ ಸಾರದಲ್ಲಿ ಸಕ್ಕರೆ ಏರಿಸುವ ವಸ್ತುವನ್ನು ಗುರುತಿಸಿ ಗ್ಲುಕಗಾನ್ ಎಂದು ಹೆಸರಿಟ್ಟದ್ದು ಎಷ್ಟು ಜನಕ್ಕೆ ಗೊತ್ತು? ಸಕ್ಕರೆ ತೀರಾ ಕುಸಿದು ಪ್ರಜ್ಞೆ ತಪ್ಪಿದವರಿಗೆ ಇಂದು ಚುಚ್ಚುಮದ್ದಾಗಿ ಕೊಡುವುದು ಇದನ್ನೇ.

ಬೆಳಗಿನ ಅಂಕಿ ಇಳಿಯಲೆಂದು ರಾತ್ರಿಯೂಟ ಬಿಡುವವರಿಗೆ ಒಂದು ಮಾತು: ಇನ್ಸುಲಿನ್ ಅಥವಾ ಅದರ ಸ್ರಾವ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದರಿಂದ ನಡುರಾತ್ರಿ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು, ಆದ್ದರಿಂದ ಮೊದಲು ವೈದ್ಯರನ್ನು ಕೇಳಿ. ಯಕೃತ್ತು ಬಿಡುವ ಗ್ಲೂಕೋಸನ್ನು ತಗ್ಗಿಸಲು ಮೆಟ್‌ಫಾರ್ಮಿನ್‌ನಂಥ ಔಷಧಗಳಿವೆ.