ಮೆಟಲ್ ಲೀಗ್: ಗಂಟು ಅರ್ಧ ಬಿಚ್ಚಿತು, ಬಿಚ್ಚಿದ್ದು ಅಮ್ಮ

ಹೆವಿ ಮೆಟಲ್ ಹಾಡುಗಳನ್ನು ಎರಡೆರಡಾಗಿ ಕೇಳಿ, ಯಾವುದು ಗೆದ್ದಿತು ಅಂತ ಬರೆದಿಡುವ ನನ್ನ ಲೀಗ್ ಮೂರು ವಾರದಿಂದ ನಿಂತೇ ಹೋಗಿತ್ತು. 16 ಹಾಡು, 120 ಜೋಡಿ. ಅದರಲ್ಲಿ 43 ಮುಗಿದಿತ್ತು. ಅಷ್ಟರಲ್ಲಿ ಮೂರು ಹಾಡು ಸೇರಿಕೊಂಡು ತಲೆ ಕೆಡಿಸಿದವು. ಐರನ್ ಮೇಡನ್ ಬ್ಯಾಂಡ್‌ನ 'ಹ್ಯಾಲೋಡ್ ಬಿ ದೈ ನೇಮ್' ಮೆಟಾಲಿಕಾದ 'ಮಾಸ್ಟರ್ ಆಫ್ ಪಪೆಟ್ಸ್' ಅನ್ನು ಸೋಲಿಸಿತು. 'ಮಾಸ್ಟರ್' ಮೆಗಾಡೆತ್‌ನ 'ಹೋಲಿ ವಾರ್ಸ್' ಅನ್ನು ಸೋಲಿಸಿತು. ಹಾಗಾದ್ರೆ 'ಹ್ಯಾಲೋಡ್' ಮುಂದೆ 'ಹೋಲಿ ವಾರ್ಸ್' ನಿಲ್ಲಬಾರದು ಅಲ್ವಾ? ನಿಂತಿತು. ನಿಂತು ಗೆದ್ದಿತು. ಐದರಲ್ಲಿ ನಾಲ್ಕು ಸಲ.

ಹಾಡುಗಳನ್ನು ಹೇಗೆ ಆರಿಸಿದೆ ಅನ್ನೋದನ್ನು ಮತ್ತೆ ಬರೆಯಲ್ಲ, ಹಿಂದೆ ಬರೆದಾಗ ಆದ ಜಗಳವೇ ಸಾಕಾಗಿದೆ. ರಿಫ್‌ಗೆ (ಗಿಟಾರ್‌ನಲ್ಲಿ ಮತ್ತೆ ಮತ್ತೆ ಬರುವ ತುಣುಕು) ಇಷ್ಟು, ಗಾಯನಕ್ಕೆ ಇಷ್ಟು, ಸೋಲೋಗೆ ಇಷ್ಟು ಅಂತ ಹತ್ತಕ್ಕೆ ಅಂಕ ಕೊಡುವ ಪದ್ಧತಿಯನ್ನು ಕೈಬಿಟ್ಟಿದ್ದೇನೆ. ಎಲ್ಲದಕ್ಕೂ ಎಂಟೇ ಬೀಳುತ್ತಿತ್ತು. ಈಗ ಒಂದೇ ಪ್ರಶ್ನೆ: ಎರಡೂ ಕೇಳಿ ಆದ ಮೇಲೆ, ಈ ಕ್ಷಣ ಯಾವುದನ್ನು ಮತ್ತೆ ಹಾಕಬೇಕು ಅನಿಸುತ್ತದೆ? ನಾನೊಂದು ಪಟ್ಟಿ, ತಮ್ಮನದೊಂದು ಪಟ್ಟಿ. ನಾನು 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೇಡನ್ ನೋಡಿದವನು. ಅವನು 2011ರ ಅಕ್ಟೋಬರ್‌ನಲ್ಲಿ ಅದೇ ಮೈದಾನದಲ್ಲಿ ಮೆಟಾಲಿಕಾ ನೋಡಿದವನು. ಪಕ್ಷಪಾತ ಇಬ್ಬರಿಗೂ ಇದೆ, ಮುಚ್ಚಿಡೋದೇನಿಲ್ಲ.

ಗಂಟು ಬಿಚ್ಚೋಕೆ ಏನೇನೋ ಮಾಡಿದೆ. ಹೆಡ್‌ಫೋನ್ ಬಿಟ್ಟು ಸ್ಪೀಕರ್‌ಗೆ ಬಂದೆ. ರಾತ್ರಿ ಬಿಟ್ಟು ಬೆಳಿಗ್ಗೆ ಕೇಳಿದೆ. ಕಾಫಿಗೆ ಮುಂಚೆ, ಕಾಫಿ ಆದ ಮೇಲೆ. ಗೆಲುವು-ಸೋಲು ನೋಡಿ ಅಂಕ ಏರಿಸಿ ಇಳಿಸುವ ಚೆಸ್‌ನವರ ಎಲೋ ಲೆಕ್ಕ ಹಾಕಿದರೆ ಮೂರೂ ಹಾಡು ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇದ್ದವು. ಇವತ್ತು ಇದು ಮೇಲೆ, ನಾಳೆ ಅದು ಮೇಲೆ. ತಮ್ಮನ ಪ್ರಕಾರ, "ಅಣ್ಣ, ಗಂಟು ಲೀಗ್‌ನಲ್ಲಿಲ್ಲ, ನಿನ್ನ ತಲೇಲಿದೆ."

ಕಳೆದ ಭಾನುವಾರ ಅಮ್ಮ ಹಾಲ್‌ನಲ್ಲಿ ಕೂತು ಅವರೆಕಾಳು ಹಿತುಕುತ್ತಿದ್ದರು. ಟೀಪಾಯಿ ಮೇಲೆ ನೀರಿನ ಬೋಗುಣಿ, ಪಕ್ಕದಲ್ಲಿ ಸಿಪ್ಪೆಗೆ ಅಂತ ಒಂದು ಸ್ಟೀಲ್ ಬಟ್ಟಲು. ನಾನು 'ಹ್ಯಾಲೋಡ್' ಮುಗಿಸಿ 'ಹೋಲಿ ವಾರ್ಸ್' ಹಾಕಿದೆ.

"ಎರಡನೇದಕ್ಕೆ ಯಾಕೋ ಜೋರು ಮಾಡ್ತೀಯಾ?"

"ನಾಬ್ ಮುಟ್ಟಿಲ್ಲಮ್ಮ."

"ಮುಟ್ಟದೆ ಇದ್ರೆ ಬಟ್ಟಲು ಯಾಕೆ ಹಾಡ್ತಿದೆ?"

ನೋಡಿದರೆ ಬಟ್ಟಲು ನಿಜವಾಗಲೂ ಝುಂ ಅಂತಿತ್ತು. ಅಂಚಿಗೆ ಅಂಟಿದ್ದ ಒಂದು ಸಿಪ್ಪೆ ನಡುಗುತ್ತಾ ನಿಧಾನಕ್ಕೆ ಒಳಗೆ ಜಾರುತ್ತಿತ್ತು. ಮತ್ತೆ 'ಹ್ಯಾಲೋಡ್' ಹಾಕಿದೆ. ಬಟ್ಟಲು ತೆಪ್ಪಗಿತ್ತು.

ನೀವು ಬೈಯೋದು ಗೊತ್ತು: ಎಲ್ಲ ಹಾಡುಗಳ ಜೋರನ್ನು ಅಳೆದು ಸಮ ಮಾಡುವ ರೀಪ್ಲೇಗೇನ್ ಯಾಕೆ ಹಾಕಿರಲಿಲ್ಲ ಅಂತ. ಬೇಕಾಗಲ್ಲ ಅಂದುಕೊಂಡಿದ್ದೆ. ಹಾಡುಗಳು 1982, 1986, 1990ರವು. ಮೂರಕ್ಕೂ ಹಳೇ ಸಿಡಿಗಳನ್ನೇ ಹುಡುಕಿ ತಂದಿದ್ದೆ. ಸಿಡಿಗಳನ್ನು ಪೈಪೋಟಿ ಮೇಲೆ ಜೋರು ಮಾಡುವ ಹುಚ್ಚು ವಿಪರೀತಕ್ಕೆ ಹೋಗಿದ್ದು ಆಮೇಲೆ ತಾನೇ? ಫೂಬಾರ್ ಅನ್ನೋ ಮ್ಯೂಸಿಕ್ ಪ್ಲೇಯರ್‌ನಲ್ಲಿ ಸ್ಕ್ಯಾನ್ ಮಾಡಿದೆ. 'ಹ್ಯಾಲೋಡ್', 'ಮಾಸ್ಟರ್' ಅಕ್ಕಪಕ್ಕದಲ್ಲೇ ಇದ್ದವು. 'ಹೋಲಿ ವಾರ್ಸ್' ಅವೆರಡಕ್ಕಿಂತ ಸುಮಾರು 5 ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ಮೇಲೆ! ಒಂದು ಡಿಬಿ ಜಾಸ್ತಿ ಇದ್ದರೂ ಕಿವಿ ಅದನ್ನು "ಜೋರು" ಅನ್ನಲ್ಲ, "ಚೆನ್ನಾಗಿದೆ" ಅನ್ನುತ್ತದೆ. ಐದು ಡಿಬಿ ಅಂದ್ರೆ ಎದುರಾಳಿಯ ಕೈ ಕಟ್ಟಿ ಅಖಾಡಕ್ಕೆ ಇಳಿಸಿದ ಹಾಗೆ.

ಆಗ ಸಿಡಿ ಹೊರಗೆ ತೆಗೆದೆ. ಇದನ್ನು ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರನಿಂದ "1990ರ ಮೊದಲ ಮುದ್ರಣ, ಗೀರಿಲ್ಲ" ಅಂತ ಕೇಳಿಕೊಂಡು, ಊರಿಗಿಲ್ಲದ ದುಡ್ಡು ಕೊಟ್ಟು ತರಿಸಿದ್ದೆ. ಡಬ್ಬಿ ಹಳೇದು. ಒಳಗಿನ ಪುಸ್ತಕ ಹಳೇದು, ಮೂಲೆ ಹಳದಿ ಸಮೇತ. ಡಿಸ್ಕ್ ಮಾತ್ರ 2004ರದು. ನನ್ನ ತಪ್ಪೂ ಇದೆ. ಸಿಡಿಯನ್ನು ಕಂಪ್ಯೂಟರ್‌ಗೆ ಇಳಿಸುವಾಗ 13 ಟ್ರ್ಯಾಕ್ ತೋರಿಸಿತ್ತು. 'ಹೋಲಿ ವಾರ್ಸ್' ಇರುವ 'ರಸ್ಟ್ ಇನ್ ಪೀಸ್' ಆಲ್ಬಂನಲ್ಲಿ ಇರೋದು ಒಂಬತ್ತೇ, ಉಳಿದ ನಾಲ್ಕು 2004ರ ಬೋನಸ್. ಆದರೆ ನನಗೆ ಬೇಕಾಗಿದ್ದು ಮೊದಲನೇದು ತಾನೇ? ಅದೊಂದಕ್ಕೆ ಟಿಕ್ ಹಾಕಿ, ಮುಂದೆ ನೋಡದೆ ಎದ್ದು ಹೋಗಿದ್ದೆ.

2004ರದು ಬರೀ ಜೋರು ಮಾಡಿದ್ದಲ್ಲ, ಮೆಗಾಡೆತ್‌ನ ಮಸ್ಟೇನ್ ಮಿಕ್ಸನ್ನೇ (ವಾದ್ಯ, ದನಿಗಳ ಬೆರಕೆ) ಹೊಸದಾಗಿ ಮಾಡಿಸಿದ್ದು. ಡ್ರಮ್ ಬೇರೆ ಥರ ಕೇಳುತ್ತದೆ. ಹಾಗಾದ್ರೆ ಲೀಗ್‌ನಲ್ಲಿ ಆಡಿದ್ದು ಯಾವ 'ಹೋಲಿ ವಾರ್ಸ್'? ತಮ್ಮನಿಗೆ 2004ರದೇ ಇಷ್ಟ. ನನಗೆ ಅದು ಹಳೇ ಮನೆಗೆ ವಿಟ್ರಿಫೈಡ್ ಟೈಲ್ಸ್ ಹಾಕಿಸಿದ ಹಾಗೆ. ಗೆಳೆಯನೊಬ್ಬ ನಿಜವಾದ 1990ರ ಡಿಸ್ಕ್ ಎರಡು ದಿನಕ್ಕೆ ಕೊಟ್ಟ. ಇನ್ನು ಮುಂದೆ ಅದೇ ಆಡುತ್ತದೆ.

ಈ ಮಧ್ಯೆ ಒಂದು ಹೊಸ ಹುಳ ಹೊಕ್ಕಿದೆ. ಮೆಟಾಲಿಕಾದ 2008ರ ಆಲ್ಬಂ 'ಡೆತ್ ಮ್ಯಾಗ್ನೆಟಿಕ್' ನೆನಪಿದೆಯಲ್ಲ? ಸಿಡಿಯಲ್ಲಿ ಎಲ್ಲ ಹಿಂಡಿ ಹಿಪ್ಪೆ, ಡ್ರಮ್ ಹೊಡೆದಲ್ಲೆಲ್ಲ ಕರಕರ. ಅದೇ ಹಾಡುಗಳು ಗಿಟಾರ್ ಹೀರೋ ಆಟದಲ್ಲಿ ಅಷ್ಟು ಹಿಂಡದೆ ಬಂದಿದ್ದವು. ವಿಡಿಯೋ ಗೇಮ್ ಸಿಡಿಗಿಂತ ಚೆನ್ನಾಗಿ ಕೇಳುತ್ತಿತ್ತು! ಅಭಿಮಾನಿಗಳು ಸಹಿ ಸಂಗ್ರಹ ಬೇರೆ ಮಾಡಿದರು. ಈ ಲೀಗ್ ಮುಗಿದ ಮೇಲೆ ಒಂದೇ ಹಾಡಿನ ಬೇರೆ ಬೇರೆ ಮುದ್ರಣಗಳ ಲೀಗ್ ಮಾಡಬೇಕು. ಮೊದಲ ಪಂದ್ಯ ಅದೇ. ಸ್ಪ್ರೆಡ್‌ಶೀಟ್ ಆಗಲೇ ಶುರು ಮಾಡಿದ್ದೇನೆ, ಹೆಂಡತಿಗೆ ಹೇಳಿಲ್ಲ.

ಸರಿ, ವಾಪಸ್ ಗಂಟಿಗೆ. ರೀಪ್ಲೇಗೇನ್ ಹಾಕಿದೆ, ಮುಗೀತು ಅಂದುಕೊಂಡೆ. ಮುಗಿಯಲಿಲ್ಲ. ಅದು ಹೆಚ್ಚುಕಡಿಮೆ ಇಡೀ ಹಾಡಿನ ಸರಾಸರಿ ಹಿಡಿಯುತ್ತದೆ. ಈ ಮೂರು ಹಾಡುಗಳ ಕಿತಾಪತಿ ಏನಂದ್ರೆ, ಮೂರರಲ್ಲೂ ಒಂದೊಂದು ತಣ್ಣನೆಯ ಭಾಗ ಇದೆ. 'ಹ್ಯಾಲೋಡ್' ಗಂಟೆಯ ಸದ್ದಿನಿಂದ ಶುರುವಾಗಿ ಮೆಲ್ಲಗೆ ಏರುತ್ತದೆ. 'ಮಾಸ್ಟರ್' ನಡುವೆ ಗಿಟಾರ್‌ನ ಒರಟು ಡಿಸ್ಟಾರ್ಷನ್ ಎಲ್ಲ ಕಳಚಿಟ್ಟು ಉಸಿರು ತಗೊಳ್ಳುತ್ತದೆ. 'ಹೋಲಿ ವಾರ್ಸ್'ನಲ್ಲಿ ಗಿಟಾರಿಸ್ಟ್ ಮಾರ್ಟಿ ಫ್ರೀಡ್‌ಮನ್‌ನ ಅಕೌಸ್ಟಿಕ್ ತುಣುಕು, ಚಿಟಿಕೆಯಷ್ಟು. ತಣ್ಣನೆಯ ಭಾಗ ಉದ್ದ ಇದ್ದಷ್ಟೂ ಸರಾಸರಿ ಇಳಿಯುತ್ತದೆ. ಸರಾಸರಿ ಸಮ ಮಾಡಿದರೆ ಆ ಹಾಡಿನ ರಿಫ್‌ಗಳು ಮೇಲೇಳುತ್ತವೆ. ಅಂದ್ರೆ ಈಗ ಲಾಭ ನನ್ನ ಮೆಚ್ಚಿನ 'ಹ್ಯಾಲೋಡ್'ಗೇ! ಸುಮ್ನೆ ಇದ್ದುಬಿಡೋಣ ಅನ್ನಿಸಿದ್ದು ಸುಳ್ಳಲ್ಲ. ತಮ್ಮ ಬಿಡಲಿಲ್ಲ.

ಕೊನೆಗೆ ಮೂರರಿಂದಲೂ ಬ್ಯಾಂಡ್ ಪೂರ್ತಿ ಬಾರಿಸುವ ಭಾಗ ಮಾತ್ರ ಕತ್ತರಿಸಿ, ಅದನ್ನು ಅಳೆದು, ಬಂದ ವ್ಯತ್ಯಾಸವನ್ನು ಇಡೀ ಹಾಡಿಗೆ ಹಾಕಿದೆ. ಮೆತ್ತಗಿರೋದನ್ನು ಏರಿಸಿಲ್ಲ, ಜೋರಿರೋದನ್ನು ಇಳಿಸಿದ್ದೇನೆ. ಏರಿಸಿದರೆ ಸ್ನೇರ್ ಡ್ರಮ್ ಹೊಡೆತಗಳ ತಲೆ ಹಾರುತ್ತದೆ. ಅಮ್ಮನ ಬಟ್ಟಲನ್ನು ಅದೇ ಜಾಗದಲ್ಲಿಟ್ಟು ನೋಡಿದೆ. ಮೂರಕ್ಕೂ ಒಂದೇ ಥರ ಝುಂ.

ಹತ್ತು ಸುತ್ತು ಆಡಿಸಿದೆ. 'ಹ್ಯಾಲೋಡ್' 8, 'ಹೋಲಿ ವಾರ್ಸ್' 2. ಗಂಟು ಹೋಯಿತು. 'ಹೋಲಿ ವಾರ್ಸ್' ಮೂರನೇ ಸ್ಥಾನಕ್ಕೆ ಇಳಿಯಿತು. ಅದರ ಸವಾರಿ ಮೊದಲಿಂದಲೂ ಆ 5 ಡಿಬಿ ಮೇಲೇ ನಡೆದಿತ್ತು.

ಅರ್ಧ ಅಂದಿದ್ದು ಯಾಕೆ ಅಂದ್ರೆ, ಅದೇ ಹುರುಪಿನಲ್ಲಿ 'ಹ್ಯಾಲೋಡ್', 'ಮಾಸ್ಟರ್' ಜೋಡಿಯನ್ನೂ ಹತ್ತು ಸುತ್ತು ಆಡಿಸಿದೆ. 6-4. 'ಹ್ಯಾಲೋಡ್' ಸೋತ ನಾಲ್ಕೂ ಸಲ 'ಮಾಸ್ಟರ್' ಎರಡನೆಯದಾಗಿ ಬಂದಿತ್ತು. ಹಳೇ ದಾಖಲೆ ತೆಗೆದು ನೋಡಿದೆ. 43ರಲ್ಲಿ 29 ಪಂದ್ಯ ಗೆದ್ದಿರೋದು ಎರಡನೆಯದಾಗಿ ಬಂದ ಹಾಡು. ಅಲ್ಲಿಗೆ ಪ್ರತಿ ಜೋಡಿಯನ್ನೂ ಹಿಂದುಮುಂದು ಮಾಡಿ ಎರಡೆರಡು ಸಲ ಆಡಿಸಬೇಕು. 120 ಹೋಗಿ 240 ಆಯಿತು. ಹಳೆಯ 43 ಕಸದ ಬುಟ್ಟಿಗೆ. ಪಟ್ಟಿಯಲ್ಲಿ 1970ರ 'ಬ್ಲ್ಯಾಕ್ ಸಬ್ಬತ್' ಬೇರೆ ಕಾಯುತ್ತಿದೆ. ಮಳೆ, ಗುಡುಗು, ಚರ್ಚಿನ ಗಂಟೆ ಎಲ್ಲ ಇರುವ ಆ ಹಾಡನ್ನು ಎಲ್ಲಿಂದ ಎಲ್ಲಿವರೆಗೆ ಕತ್ತರಿಸಿ ಅಳೆಯೋದೋ!

ಶನಿವಾರ ಅಮ್ಮ ದೇವಸ್ಥಾನಕ್ಕೆ ಹೋದ ಮೇಲೆ 'ಪೇನ್‌ಕಿಲ್ಲರ್' ಮತ್ತು 'ರೇನಿಂಗ್ ಬ್ಲಡ್'. ಬಟ್ಟಲು ತೊಳೆದು ಇಟ್ಟಿದ್ದೇನೆ.

ಸಿಡಿ ಮಾರಿದವನಿಗೆ ಫೋಟೋ ಸಮೇತ ಬರೆದೆ. ನಾಲ್ಕು ದಿನ ಬಿಟ್ಟು ಉತ್ತರ ಬಂತು: "ಕವರ್ ಒರಿಜಿನಲ್ಲೇ ಸಾರ್."